ಕೋಟಿನ ಬೆನ್ನಿಗೆ ಅಂಟಿದ ನಾರು

ಹಲ್ಲಿನ ಡಾಕ್ಟರಮ್ಮ ತೊಳೆಯಲು ಕೊಟ್ಟ ಬೂದುಬಣ್ಣದ ಕೋಟನ್ನು ಅಂಗಡಿಯ ಮೇಜಿನ ಮೇಲೆ ಹರಡಿದೆ. ಮುಂಭಾಗ ಚೊಕ್ಕಟವಾಗಿತ್ತು. ತಿರುಗಿಸಿ ನೋಡಿದರೆ ಬೆನ್ನಿನುದ್ದಕ್ಕೂ ಕಂದು ಪುಡಿ, ಪುಡಿಯ ನಡುವೆ ಗಿಡ್ಡ ಗಿಡ್ಡ ನಾರು. ಮೂಗಿನ ಹತ್ತಿರ ಹಿಡಿದೆ. ಪೆಟ್ರೋಲು.

ಆ ಪುಡಿ ಉದುರಿಸುವ ಸೀಟು ನಮ್ಮ ಊರಿನಲ್ಲಿ ಒಂದೇ ಕಾರಿನಲ್ಲಿದೆ. ಅದು ಮೇಷ್ಟ್ರ ಕಾರು. ಮೇಷ್ಟ್ರು ಎಂದರೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಮದುವೆಯಾಗುತ್ತೀರಾ ಎಂದು ನನ್ನನ್ನು ಕೇಳಿ ಉತ್ತರಕ್ಕೆ ಕಾಯುತ್ತಿದ್ದವರು. ಭಾನುವಾರ ಅವರ ಅಕ್ಕ ನಮ್ಮ ಮನೆಗೆ ಬಂದು ಚಿಕ್ಕಮ್ಮನ ಹತ್ತಿರ ಮಾತಾಡುವುದೆಂದು ಆಗಿತ್ತು. ಅಷ್ಟರೊಳಗೆ ನಾನು ಹೂಂ ಅನ್ನಬೇಕು, ಇಲ್ಲವೇ ಊಹೂಂ ಅನ್ನಬೇಕು. ಹೂಂ ಅನ್ನುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿ, ಅದನ್ನು ಹೇಳುವ ದಿನ ಯಾವ ಬಟ್ಟೆ ಹಾಕಿಕೊಳ್ಳುವುದು ಎಂದು ಯೋಚಿಸುತ್ತಿದ್ದ ಹೊತ್ತಿಗೆ ಈ ಕೋಟು ಬಂದು ಬಿತ್ತು.

ನನ್ನದು ಅನುಮಾನದ ಸ್ವಭಾವ, ಒಪ್ಪುತ್ತೇನೆ. ಆದರೆ ಅದು ಕಸುಬಿನಿಂದ ಬಂದದ್ದು. ಚಿಕ್ಕಮ್ಮನೂ ನಾನೂ ನಡೆಸುವ ಡ್ರೈಕ್ಲೀನಿಂಗ್ ಅಂಗಡಿಗೆ ಬರುವ ಕಲೆಗಳಲ್ಲಿ ಅರ್ಧಕ್ಕರ್ಧ ಸುಳ್ಳಿನ ಜೊತೆಗೇ ಬರುತ್ತವೆ. ಮೂಗಿಗೆ ಗುದ್ದಿಸಿಕೊಂಡು ಬಂದವನು ಚಹಾ ಚೆಲ್ಲಿತು ಅನ್ನುತ್ತಾನೆ. ಚಹಾ ಎಂದು ನಂಬಿ ಬಿಸಿನೀರು ಹಾಕಿದರೆ ರಕ್ತ ಬಟ್ಟೆಯ ಜೊತೆಗೇ ಹುಟ್ಟಿದ ಹಾಗೆ ಕೂತುಬಿಡುತ್ತದೆ. ಆಮೇಲೆ ಅದನ್ನು ಬ್ರಹ್ಮ ಬಂದರೂ ತೆಗೆಯಲಾರ. ಹಾಗಾಗಿ ಬಾಯಿ ಹೇಳುವುದನ್ನು ಕೇಳಿಸಿಕೊಂಡು, ಬಟ್ಟೆ ಹೇಳುವುದನ್ನು ನಂಬುವುದು ನನಗೆ ಅಭ್ಯಾಸವಾಗಿದೆ.

ಮೇಷ್ಟ್ರು ಮೊದಲ ಸಲ ಅಂಗಡಿಗೆ ಬಂದಾಗ ತೋಳಿನ ತುಂಬ ಕಪ್ಪು ಮಾಡಿಕೊಂಡ ಬಿಳಿ ಶರ್ಟು ಚಾಚಿ, ನಾನು ಕೇಳುವ ಮೊದಲೇ ಒಪ್ಪಿಸಿದ್ದರು: “ಎಂಜಿನ್ ಆಯಿಲ್ಲು, ಸ್ವಲ್ಪ ಗ್ರೀಸು. ಒರೆಸೋಕೆ ಹೋಗಿ ನಾನೇ ಹರಡಿದ್ದೀನಿ. ತಪ್ಪು ಪೂರ್ತಿ ನಂದೇ.”

ನಾನು ತಲೆ ಎತ್ತಿ ನೋಡಿದೆ. ಅಷ್ಟು ಚೆನ್ನಾಗಿ ತಪ್ಪೊಪ್ಪಿಕೊಳ್ಳುವ ಗಂಡಸನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ಅವರೂ ನೋಡಿದರು, ನೋಡಿ ರಸೀದಿ ಮರೆತು ಹೋದರು, ರಸೀದಿಗೆಂದು ತಿರುಗಿ ಬಂದು ಈ ಸಲ ಕೊಡೆ ಮರೆತು ಹೋದರು. ಒಳಗಿನಿಂದ ಚಿಕ್ಕಮ್ಮ, ಈ ಮನುಷ್ಯ ನಾಳೆ ತನ್ನನ್ನೇ ಇಲ್ಲಿ ಮರೆತು ಹೋಗುತ್ತಾನೆ ನೋಡು ಎಂದಿದ್ದಳು.

ಆಮೇಲಿನ ದಿನಗಳಲ್ಲಿ ಅವರ ಶರ್ಟುಗಳು ಎಷ್ಟು ಕೊಳೆಯಾದವೆಂದರೆ ನನಗೆ ಅದರ ಮೇಲೂ ಅನುಮಾನ ಬಂದಿತ್ತು. ಒಂದು ಶರ್ಟಿನ ಜೇಬಿನ ಮೇಲೆ ಎಣ್ಣೆಯನ್ನು ಬೆರಳಿನಿಂದ ಬೇಕೆಂದೇ ಒತ್ತಿದ ಗುರುತಿತ್ತು. ಅದನ್ನು ಬೆಳಕಿಗೆ ಹಿಡಿದು ಅವರತ್ತ ನೋಡಿದೆ. ಅವರ ಕಿವಿ ಕೆಂಪಗಾಯಿತು. ನಾನು ರಸೀದಿ ಬರೆದು ಕೊಟ್ಟೆ.

ಕಾರಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಹಳೇ ಕಾಲದ ಆ ಗಾಡಿಗೆ ಎಂಜಿನ್ ಹಿಂದೆ, ಡಿಕ್ಕಿ ಮುಂದೆ, ತಣಿಸುವ ನೀರು ಎಲ್ಲೂ ಇಲ್ಲ. ಗಾಳಿಯಿಂದಲೇ ಎಂಜಿನ್ ತಣ್ಣಗಾಗಬೇಕು. ಎಂಜಿನ್ನಿಗೆ ಗಾಳಿ ಬೀಸುವ ಫ್ಯಾನು ಒಂದು ಬೆಲ್ಟಿನ ಮೇಲೆ ನಿಂತಿದೆ. ಬೆಲ್ಟ್ ಹರಿದರೆ ಎಲ್ಲಿದ್ದೀರೋ ಅಲ್ಲೇ ನಿಲ್ಲಬೇಕು. ಬಿಸಿಲಲ್ಲಿ ಟ್ರಾಫಿಕ್ಕಿಗೆ ಸಿಕ್ಕಿದರೆ ಮೇಷ್ಟ್ರ ಮುಖ ಮಗುವಿಗೆ ಜ್ವರ ಬಂದವರ ಮುಖದ ಹಾಗಾಗುತ್ತದೆ. ಬಿಸಿಯಾದ ಮೇಲೆ ಆಫ್ ಮಾಡಿದರೆ ಅದು ಮತ್ತೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಅದಕ್ಕೆ ಮನಸ್ಸು ಬರುವ ತನಕ ರಸ್ತೆ ಬದಿಯಲ್ಲಿ ಕೂತು ಊರಿನವರ ಉಪದೇಶ ಕೇಳಬೇಕು. ಚಳಿಗೆ ಹೀಟರ್ ಹಾಕಿದರೆ ಎಂಜಿನ್ನಿನ ಕಡೆಯಿಂದ ಬರುವ ಗಾಳಿ ಕಾಲನ್ನು ಬೆಚ್ಚಗೆ ಮಾಡಿ ಗಂಟಲನ್ನು ಕೆಡಿಸುತ್ತದೆ. ಪೆಟ್ರೋಲ್ ಟ್ಯಾಂಕು ನಮ್ಮ ಮೊಣಕಾಲಿನ ಮುಂದೆಯೇ ಇರುವುದರಿಂದ ವಾಸನೆ ಸದಾ ಜೊತೆಗಿರುತ್ತದೆ. ನಿಲ್ಲಿಸಿದ ಕಡೆಯೆಲ್ಲ ಎಣ್ಣೆ ತೊಟ್ಟಿಕ್ಕುತ್ತದೆ. ಸದ್ದಂತೂ ಎರಡು ಬೀದಿ ಆಚೆಯಿಂದಲೇ ಕೇಳುವುದರಿಂದ, ಮೇಷ್ಟ್ರು ಶಾಲೆ ಮುಟ್ಟುವಷ್ಟರಲ್ಲಿ ಮಕ್ಕಳೆಲ್ಲ ಸಾಧುಗಳಾಗಿ ಕೂತಿರುತ್ತಾರಂತೆ. ಇನ್ನು ಸೀಟುಗಳಲ್ಲಿ ತುಂಬಿರುವುದು ಸ್ಪಂಜಲ್ಲ, ನಾರು. ವಯಸ್ಸಾದ ಆ ನಾರು ಕೂತವರ ಬೆನ್ನಿಗೆಲ್ಲ ಪುಡಿಯಾಗಿ ಅಂಟುತ್ತದೆ. ನನ್ನ ಬೆನ್ನಿಗೂ ಅಂಟಿತ್ತು, ಅವರು ಒರೆಸಲೆಂದು ಕೈ ಎತ್ತಿ ಧೈರ್ಯ ಸಾಲದೆ ಇಳಿಸಿದ್ದರು.

ಆ ನಾರು ಈಗ ಇನ್ನೊಬ್ಬಳ ಬೆನ್ನಿನ ಮೇಲಿತ್ತು.

ಅದೇ ಸಂಜೆ ಮೇಷ್ಟ್ರು ಅಂಗಡಿಗೆ ನಡೆದುಕೊಂಡು ಬಂದರು. ಕಾರೆಲ್ಲಿ ಎಂದು ನಾನು ಇಸ್ತ್ರಿಯಿಂದ ಕಣ್ಣೆತ್ತದೆ ಕೇಳಿದೆ. ಫ್ಯಾನ್ ಬೆಲ್ಟ್ ಹೋಗಿದೆ, ವಾರದಿಂದ ಶೆಡ್ಡಿನಲ್ಲೇ ಇದೆ ಎಂದರು. ಹಾಗೆ ಹೇಳುವಾಗ ಅವರು ನನ್ನನ್ನು ನೋಡದೆ ಗುಂಡಿಗಳ ಡಬ್ಬಿಯನ್ನು ನೋಡುತ್ತಿದ್ದರು. ಕೆಂಪು ಗುಂಡಿಯೊಂದನ್ನು ಎತ್ತಿ ನೋಡಿ ವಾಪಸ್ಸು ಹಾಕಿದರು.

“ವಾರದಿಂದ ಹೊರಗೇ ತೆಗೆದಿಲ್ವಾ?”

“ಇಲ್ಲ. ಬೆಲ್ಟ್ ಇಲ್ದೆ ಹೇಗೆ ತೆಗೀಲಿ?”

ಎಂಜಿನ್ ಆಯಿಲಿನ ಬಗ್ಗೆ ಹರಿಶ್ಚಂದ್ರನಾಗಿದ್ದ ಮನುಷ್ಯ ಈಗ ಸರಾಗವಾಗಿ ಸುಳ್ಳು ಹೇಳಿದರು. ನಾನು ಅವರ ಎದುರಿಗೆ ಏನನ್ನೂ ತೋರಿಸಿಕೊಳ್ಳಲಿಲ್ಲ. ಮನೆಗೆ ಹೋಗುವಾಗ ಮಾತ್ರ ದಾರಿ ಬದಲಿಸಿ ಹಲ್ಲಿನ ಕ್ಲಿನಿಕ್ಕಿನ ಮುಂದೆ ನಡೆದೆ. ಗೇಟಿನ ಪಕ್ಕದಲ್ಲಿ ನೆಲದ ಮೇಲೆ ಎಣ್ಣೆ ಬಿದ್ದಿತ್ತು. ಚಪ್ಪಲಿಯ ತುದಿಯಿಂದ ಮುಟ್ಟಿದೆ, ಇನ್ನೂ ಹಸಿಯಾಗಿತ್ತು. ಅದರ ಪಕ್ಕದಲ್ಲೇ ಒಣಗಿದ ಹಳೆಯ ಕಲೆಗಳೂ ಇದ್ದವು. ಅಂದರೆ ಇದು ಒಂದು ದಿನದ ಕತೆಯಲ್ಲ ಎಂದುಕೊಂಡೆ.

ಚಿಕ್ಕಮ್ಮನಿಗೆ ಹೇಳಬಾರದು ಎಂದುಕೊಂಡಿದ್ದೆ. ಆದರೆ ನನ್ನ ಮುಖ ನೋಡಿಯೇ ಅವಳು ಬಾಯಿ ಬಿಡಿಸಿದಳು. ಎಲ್ಲ ಕೇಳಿ ಸಮಾಧಾನ ಹೇಳಬಹುದೆಂದು ನಾನು ಕಾದೆ. ಅವಳು ಯೋಚಿಸಿ ಯೋಚಿಸಿ, ಡಾಕ್ಟರಮ್ಮ ನೋಡಲು ಲಕ್ಷಣವಾಗಿದ್ದಾಳೆ, ಗಂಡನೆಂಬವನ ಸುದ್ದಿ ಇಲ್ಲಿಯತನಕ ಕೇಳಿಲ್ಲ, ಹಲ್ಲಂತೂ ಮುತ್ತಿನ ಹಾಗಿದೆ ಎಂದಳು. ಹಲ್ಲಿನ ಡಾಕ್ಟರಿಗೆ ಹಲ್ಲು ಚೆನ್ನಾಗಿರದೆ ಇನ್ನೇನಿರುತ್ತದೆ ಎಂದು ನಾನು ರೇಗಿದೆ.

ಮರುದಿನ ಕೋಟನ್ನು ಚೆನ್ನಾಗಿ ತೊಳೆದು, ಒಂದೊಂದು ನಾರನ್ನೂ ಕೈಯಿಂದ ಆಯ್ದು, ಇಸ್ತ್ರಿ ಮಾಡಿ ನಾನೇ ಕ್ಲಿನಿಕ್ಕಿಗೆ ಹೊತ್ತೊಯ್ದೆ. ಕೊಟ್ಟು ಬಂದರೆ ಏನು ತಿಳಿಯುತ್ತದೆ? ಅದಕ್ಕೇ ಹಲ್ಲು ನೋವು ಎಂದೆ. ಯಾವ ಹಲ್ಲು ಎಂದು ಕೇಳಿದಾಗ ಒಳಗಿನದು ಎಂದೆ. ಡಾಕ್ಟರಮ್ಮ ನನ್ನನ್ನು ಕುರ್ಚಿಯಲ್ಲಿ ಮಲಗಿಸಿ, ದೀಪ ಎಳೆದು, ಬಾಯಿ ತೆರೆಸಿ, ಅದರೊಳಗೆ ಕನ್ನಡಿ, ಕೊಳವೆ, ಹತ್ತಿ ಎಲ್ಲ ತುರುಕಿದರು. ಪ್ರಶ್ನೆ ಕೇಳಲು ಹೋದವಳ ಬಾಯಿಗೇ ಬೀಗ ಬಿತ್ತು.

ಪುಣ್ಯಕ್ಕೆ ಆಕೆ ಮಾತಿನ ಮಲ್ಲಿ. ಕೋಟಿನ ಬೆನ್ನು ಎಷ್ಟು ಚೊಕ್ಕಟ ಮಾಡಿದ್ದೀರಿ ಎಂದು ಹೊಗಳುತ್ತ ತಾವೇ ಶುರು ಮಾಡಿದರು. ಅದೆಲ್ಲ ಒಂದು ಹಳೇ ಕಾರಿನ ಸೀಟಿನ ಕೃಪೆಯಂತೆ. ಚಿಕ್ಕಂದಿನಲ್ಲಿ ಅವರ ಸೋದರಮಾವನ ಹತ್ತಿರ ಅಂಥದ್ದೇ ಕಾರಿತ್ತಂತೆ, ಅಂದಿನಿಂದ ಅದರ ಸದ್ದು ಕೇಳಿದರೆ ಸಾಕು ಮನಸ್ಸು ಕುಣಿಯುತ್ತದಂತೆ. ಮೇಷ್ಟ್ರೊಬ್ಬರು ಮಾರುತ್ತಾರೆಂದು ತಿಳಿದು ಕೊಳ್ಳಲು ಹಿಂದೆ ಬಿದ್ದಿದ್ದಾರಂತೆ. ಓಡಿಸಿ ನೋಡಲು ಮತ್ತೆ ಮತ್ತೆ ಹೋಗಿದ್ದಾರಂತೆ.

ಮಾರುವುದಾ? ಯಾಕೆ?

ಆ ಯಾಕೆಯನ್ನೂ ಆಕೆಯೇ ಹೇಳಿದರು. “ಯಾರೋ ಹುಡುಗಿಯಂತೆ ರೀ. ಪೆಟ್ರೋಲ್ ವಾಸನೆ ಆಗಲ್ವಂತೆ. ಅವಳಿಗೋಸ್ಕರ ಮಾರ್ತಿದ್ದಾರೆ, ಅವಳಿಗೇ ಹೇಳಿಲ್ಲ. ಅಷ್ಟು ನಾಜೂಕು ಮೂಗಿದ್ರೆ ಅದನ್ನ ಹತ್ತೀಲಿ ಸುತ್ತಿ ಬೀರುವಿನಲ್ಲಿ ಇಟ್ಕೋಬೇಕಪ್ಪ. ಅಲ್ವಾ?”

ನಾನು “ಆ” ಎಂದೆ. ಬಾಯಿ ತೆರೆದುಕೊಂಡು ಇನ್ನೇನು ಹೇಳಲು ಬರುತ್ತದೆ?

ಹೌದು, ಆ ಮಾತು ನಾನೇ ಆಡಿದ್ದೆ. ಒಂದು ದಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಗಲೆಲ್ಲ ಅಂಗಡಿಯಲ್ಲಿ ಇಂಥದ್ದೇ ವಾಸನೆ, ಸಂಜೆಯೂ ಇದೇ ಆದರೆ ನಾನು ಬದುಕುವುದು ಹೇಗೆ ಎಂದಿದ್ದೆ. ತಮಾಷೆಗೆ ಅಂದದ್ದು ಎನ್ನಲಾರೆ, ಹೊಟ್ಟೆ ತೊಳಸುತ್ತಿತ್ತು. ಆದರೆ ಕಾರು ಮಾರಿ ಎಂದು ಹೇಳಿರಲಿಲ್ಲ. ಪಶುವೈದ್ಯರೊಬ್ಬರ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಆ ಕಾರನ್ನು ತಂದು, ರಜಾದಿನಗಳನ್ನೆಲ್ಲ ಸುರಿದು, ಒಂದೊಂದು ತಗಡಿಗೂ ಜೀವ ಬರಿಸಿದ ಮನುಷ್ಯ ನನ್ನ ಒಂದು ಮಾತಿಗೆ ಅದನ್ನು ಮಾರಲು ಹೊರಟಿದ್ದಾರೆ. ನನ್ನ ಕಣ್ಣು ತುಂಬಿತು. ನೋವಾಯಿತೇ ಎಂದು ಡಾಕ್ಟರಮ್ಮ ಕೈ ಹಿಂದಕ್ಕೆ ತೆಗೆದರು.

ಅಲ್ಲಿಗೆ ಎದ್ದು ಬಂದಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ಆಕೆಯ ಮಾತು ಮುಗಿದಿರಲಿಲ್ಲ. ಮೇಷ್ಟ್ರು ಎಂಥ ಸತ್ಯವಂತರೆಂದರೆ, ಮೊದಲ ದಿನವೇ ಬೆಲ್ಟು, ಹೀಟರು, ಎಣ್ಣೆ, ಎಲ್ಲ ಕುಂದನ್ನೂ ಬಿಚ್ಚಿಟ್ಟರಂತೆ. ಆಕೆ ಪರವಾಗಿಲ್ಲ ಅಂದರಂತೆ. ಆಮೇಲಿನ ಸಲ ಇನ್ನಷ್ಟು ಹೇಳಿದರಂತೆ: ಕಾಲ ಕೆಳಗೆ ನೆಲದ ತಗಡು ತುಕ್ಕು ತಿಂದು ತೂತಾಗಿದೆ, ಮಳೆಯಲ್ಲಿ ವೈಪರ್ ಓಡುವುದಿಲ್ಲ, ತಿರುವಿನಲ್ಲಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ.

ನನ್ನ ಕಿವಿ ನೆಟ್ಟಗಾಯಿತು. ಆ ನೆಲದಲ್ಲಿ ತೂತಿಲ್ಲ. ಮ್ಯಾಟ್ ಎತ್ತಿ, ತಾವೇ ಬೆಸುಗೆ ಹಾಕಿದ ಜಾಗವನ್ನು ಮೇಷ್ಟ್ರು ನನಗೆ ಹೆಮ್ಮೆಯಿಂದ ತೋರಿಸಿದ್ದರು. ಜೋರು ಮಳೆಯಲ್ಲಿ ನಾನು ಅದರಲ್ಲಿ ಕೂತಿದ್ದೇನೆ, ವೈಪರ್ ಮುದುಕರ ಹಾಗೆ ನಿಧಾನವಾಗಿ ಆಡುತ್ತದೆ, ನಿಲ್ಲುವುದಿಲ್ಲ. ಬಾಗಿಲನ್ನಂತೂ ಭುಜ ಕೊಟ್ಟು ತೆರೆಯಬೇಕು.

ಮಾರಬೇಕಾದವರು ಇಲ್ಲದ ದೋಷವನ್ನು ಯಾಕೆ ಹೇಳುತ್ತಾರೆ? ಮಾರಾಟ ಮುಗಿದುಹೋಗಬಾರದು ಎಂದು ತಾನೆ? ಮಾರಾಟ ಮುಗಿಯದಿದ್ದರೆ ಡಾಕ್ಟರಮ್ಮ ಮತ್ತೆ ಮತ್ತೆ ಬಂದು ಪಕ್ಕದಲ್ಲಿ ಕೂರುತ್ತಾಳೆ. ಹುಡುಗಿಗಾಗಿ ಮಾರುತ್ತೇನೆ ಎನ್ನುವ ಮಾತು ಕೇಳಿದ ಯಾವ ಹೆಂಗಸಿನ ಮನಸ್ಸು ಕರಗುವುದಿಲ್ಲ?

ಡಾಕ್ಟರಮ್ಮ ನನ್ನ ಬಾಯಿಂದ ಎಲ್ಲವನ್ನೂ ಹೊರಗೆ ತೆಗೆದು ಹೇಳಿದರು, “ನಿಮ್ಮ ಹಲ್ಲು ಕಲ್ಲಿನ ಹಾಗಿದೆ. ನೋವು ಎಲ್ಲಿ ಅಂತ ನಿಜ ಹೇಳಿ.” ಈಗ ವಾಸಿಯಾಯಿತು ಎಂದು ಎದ್ದು ಬಂದೆ.

ಶನಿವಾರ ಬೆಳಗಾಗುತ್ತಲೇ ಮೇಷ್ಟ್ರ ಶೆಡ್ಡಿಗೆ ಹೋದೆ. ಆ ಹೊತ್ತಿಗೆ ಅಲ್ಲೇ ಇರುತ್ತಾರೆಂದು ಗೊತ್ತಿತ್ತು. ಆ ಎಂಜಿನ್ನಿನ ವಾಲ್ವುಗಳ ಸಂದು ಸರಿಮಾಡಬೇಕಾದರೆ ಅದು ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾಗಿರಬೇಕು. ಸ್ವಲ್ಪ ಬೆಚ್ಚಗಿದ್ದರೂ ಅಳತೆ ತಪ್ಪುತ್ತದೆ. ಹಾಗಾಗಿ ಮೇಷ್ಟ್ರ ಶನಿವಾರಗಳು ಹಾಲಿನವನಿಗಿಂತ ಮೊದಲೇ ಶುರುವಾಗುತ್ತವೆ.

ಹಿಂದಿನ ಮುಚ್ಚಳ ತೆರೆದು, ಚಾಪೆಯ ಮೇಲೆ ಕೂತು, ಅವರು ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. ನನ್ನ ಮುಖ ಕಂಡು ಅರಳಿದ್ದು ಅಲ್ಲೇ ನಿಂತಿತು. ನಾನು ಬಗ್ಗಿ ಎಂಜಿನ್ನಿನ ಕಡೆ ನೋಡಿದೆ. ಬೆಲ್ಟು ಇತ್ತು. ಹಳೆಯದೇ, ಅಂಚೆಲ್ಲ ಸವೆದು ಧೂಳು ಹಿಡಿದದ್ದು.

“ಬೆಲ್ಟ್ ಹೋಗಿದೆ ಅಂದ್ರಿ.”

ಬೆಳಕು ಬಾಗಿಲಿನಿಂದ ಅವರ ಅರ್ಧ ಮುಖಕ್ಕೆ ಬಿದ್ದಿತ್ತು. ಕೆನ್ನೆಯ ಮೇಲೆ ಎಣ್ಣೆಯ ಒಂದು ಗೆರೆ. ಅಂಥ ಸಿಟ್ಟಿನಲ್ಲೂ ಆ ಗೆರೆಯ ಮೇಲೆ ನನ್ನ ಕಣ್ಣು ಹೋಯಿತು, ಅದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

“ಡಾಕ್ಟರಮ್ಮನ ಹತ್ರ ಹೋಗಿದ್ದೆ,” ಎಂದೆ. “ನನಗೋಸ್ಕರ ಮಾರ್ತೀರಂತೆ. ನೆಲದಲ್ಲಿ ತೂತಂತೆ. ನನ್ನ ಹತ್ರ ಒಂದು ಸುಳ್ಳು, ಅವರ ಹತ್ರ ಇನ್ನೊಂದು. ಇದರಲ್ಲಿ ನಾನು ಯಾವುದನ್ನ ನಂಬಲಿ ಮೇಷ್ಟ್ರೇ? ನಾಳೆ ನಿಮ್ಮಕ್ಕ ಬಂದಾಗ ನಾನು ಏನು ಹೇಳಲಿ?”

ಅವರು ಕೈಯಲ್ಲಿದ್ದ ನಟ್ಟನ್ನು ತಿರುಗಿಸತೊಡಗಿದರು. ನೆಪಗಳನ್ನು ಹುಡುಕುತ್ತಿದ್ದಾರೆಂದು ನಾನು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದೆ. ಆಮೇಲೆ ಅವರು ನನ್ನನ್ನೇ ನೋಡಿ ಮಾತಾಡಿದರು.

“ಮಾರಬೇಕು ಅಂತಲೇ ಹೊರಟೆ. ನೀವು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದು ನೋಡೋಕಾಗ್ಲಿಲ್ಲ. ಆದ್ರೆ ಅವರು ಬಂದು ಸ್ಟೀರಿಂಗ್ ಹಿಡಿದ ಕೂಡಲೇ ನನ್ನ ಬಾಯಿ ತಾನಾಗಿ ತೆರ್ಕೊಳ್ತು. ಇರೋ ಕುಂದೆಲ್ಲ ಹೇಳಿದೆ. ಆದ್ರೂ ಬೇಕು ಅಂದ್ರು. ಹೆದರಿಕೆ ಆಯ್ತು, ಇಲ್ಲದ್ದನ್ನೂ ಹೇಳಿದೆ.”

“ಯಾಕೆ?”

“ಕೊಡೋಕೆ ಮನಸ್ಸಿಲ್ಲ. ಅಷ್ಟೇ. ನಿಮಗೋಸ್ಕರ ಪ್ರಯತ್ನ ಮಾಡಿದೆ ಅಂತ ನನಗೆ ನಾನೇ ಹೇಳ್ಕೋಬೇಕಿತ್ತು, ಕಾರೂ ಉಳೀಬೇಕಿತ್ತು.”

“ನನಗೆ ಹೇಳಬಹುದಿತ್ತಲ್ಲ.”

“ಹೇಳಿದ್ರೆ ನೀವು ಮಾರಬೇಡಿ ಅಂತಿದ್ರಿ. ನನಗೆ ಬೇಕಾಗಿದ್ದೂ ಆ ಮಾತೇ. ಅದನ್ನ ನಿಮ್ಮ ಬಾಯಿಂದ ಹೇಳಿಸೋಕೆ ನಾಚಿಕೆ ಆಯ್ತು. ಅದಕ್ಕೇ ಬೆಲ್ಟ್ ಹೋಗಿದೆ ಅಂದೆ.”

ನಾನು ಅವರ ಮುಖದಲ್ಲಿ ಸುಳ್ಳಿನ ಸುಳಿವಿಗಾಗಿ ಹುಡುಕಿದೆ. ಎಳ್ಳಷ್ಟೂ ಸಿಗಲಿಲ್ಲ. ಸಿಕ್ಕಿದ್ದು ಸಿಕ್ಕಿಬಿದ್ದ ಕಳ್ಳನ ಪೆಚ್ಚು ಮುಖ ಮಾತ್ರ. ನನಗಾಗಿ ಎಲ್ಲವನ್ನೂ ತ್ಯಾಗ ಮಾಡುವ ಮಹಾಪುರುಷನನ್ನು ನಿನ್ನೆ ಆ ಕುರ್ಚಿಯಲ್ಲಿ ಮಲಗಿ ನಾನೇ ಕಟ್ಟಿಕೊಂಡಿದ್ದೆ. ಅವನು ಈಗ ಎದ್ದು ಹೋಗಿದ್ದ. ಉಳಿದವರು ಈ ಮೇಷ್ಟ್ರು. ಆಶ್ಚರ್ಯವೆಂದರೆ, ಅವನು ಹೋದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಚಾಪೆಯ ತುದಿಯಲ್ಲಿ ಕೂತೆ.

ಯಾರಿಗೂ ಹೇಳದ ವಿಷಯವೊಂದನ್ನು ಆಗ ಅವರಿಗೆ ಹೇಳಿದೆ. “ಇದಕ್ಕೆ ಮುಂಚೆ ಒಬ್ಬ ಇದ್ದ. ನಿನಗೋಸ್ಕರ ಕೆಲಸ ಬಿಡ್ತೀನಿ, ಸ್ನೇಹಿತರನ್ನ ಬಿಡ್ತೀನಿ, ಏನು ಬೇಕಾದ್ರೂ ಬಿಡ್ತೀನಿ ಅಂತಿದ್ದ. ನಿಜವಾಗ್ಲೂ ಬಿಟ್ಟ. ಬಿಡೋದು ಅವನಿಗೆ ಅಷ್ಟು ಸಲೀಸು. ಒಂದು ದಿನ ನನ್ನನ್ನೂ ಹಾಗೇ ಬಿಟ್ಟ, ಮುಖದಲ್ಲಿ ಒಂದು ಗೆರೆನೂ ಅಲುಗಾಡ್ಲಿಲ್ಲ.”

ಮೇಷ್ಟ್ರು ನಟ್ಟು ತಿರುಗಿಸುವುದನ್ನು ನಿಲ್ಲಿಸಿದ್ದರು.

“ನೀವು ಈ ಡಬ್ಬಾ ಗಾಡೀನ ಬಿಡೋಕಾಗದೆ ಇಷ್ಟೊಂದು ಒದ್ದಾಡಿದ್ದೀರಿ. ನನಗೆ ಬಿಡೋಕಾಗದವರೇ ಬೇಕು. ಸುಳ್ಳು ಹೇಳಿದ್ದಕ್ಕೆ ಕೋಪ ಇದೆ, ಅದು ಬೇರೆ ಲೆಕ್ಕ.”

“ವಾಸನೆ?” ಎಂದರು ಮೆಲ್ಲಗೆ.

“ವಾಸನೆ ಕೆಟ್ಟದ್ದೇ. ದಿನಾ ಬೈತೀನಿ. ಬೈಸ್ಕೊಳ್ಳಿ.”

ಅವರು ನಗಲು ಹೋಗಿ, ನಗಬಹುದೋ ಬಾರದೋ ಎಂದು ನನ್ನನ್ನು ನೋಡಿದರು. ಆ ನೋಟವನ್ನು ನಾನು ಬೇಕೆಂದೇ ಸ್ವಲ್ಪ ಹೊತ್ತು ಕಾಯಿಸಿದೆ. ಆಮೇಲೆ, ಮೊದಲು ಆ ಡಾಕ್ಟರಮ್ಮನಿಗೆ ಫೋನ್ ಮಾಡಿ ನಿಜ ಹೇಳಿ, ಪಾಪ, ಆಕೆ ಆಸೆಯಿಟ್ಟುಕೊಂಡಿದ್ದಾರೆ ಎಂದೆ. ಅವರ ಕೈಯೆಲ್ಲ ಎಣ್ಣೆಯಾಗಿದ್ದರಿಂದ ನಾನೇ ನಂಬರು ಒತ್ತಿ, ಸ್ಪೀಕರಿಗೆ ಹಾಕಿ, ಅವರ ಮುಖದ ಮುಂದೆ ಹಿಡಿದೆ.

ಮೇಷ್ಟ್ರು ಪಾಠ ಒಪ್ಪಿಸುವವರಂತೆ ಹೇಳಿದರು: ಕಾರು ಕೊಡುವುದಿಲ್ಲ, ನೆಲ ಗಟ್ಟಿಯಾಗಿದೆ, ವೈಪರ್ ಓಡುತ್ತದೆ, ಬಾಗಿಲಿಗೂ ಏನೂ ಆಗಿಲ್ಲ, ಹೇಳಿದ್ದು ಸುಳ್ಳು, ಕ್ಷಮಿಸಬೇಕು. ಆ ಕಡೆಯಿಂದ ಡಾಕ್ಟರಮ್ಮ ನಕ್ಕ ಸದ್ದು ಕೇಳಿತು.

“ಗೊತ್ತಿತ್ತು ಬಿಡಿ. ಮ್ಯಾಟ್ ಎತ್ತಿ ನಾನೇ ನೋಡಿದ್ದೆ. ಎಲ್ಲಿವರೆಗೆ ಎಳೀತೀರ ನೋಡೋಣ ಅಂತ ಸುಮ್ಮನಿದ್ದೆ. ಅದಿರಲಿ, ಆ ಮೂಗಿನ ಹುಡುಗಿ ಏನಂದ್ಲು?”

ಮೇಷ್ಟ್ರು ನನ್ನ ಕಡೆ ನೋಡಿದರು. ಕೇಳಬೇಕೆಂದು ಕಣ್ಣಿನಲ್ಲಿತ್ತು, ಕೇಳಲು ಧೈರ್ಯವಿರಲಿಲ್ಲ. ನಾನು ಫೋನನ್ನು ಅವರ ಮುಂದಿನಿಂದ ತೆಗೆದು ನನ್ನ ಬಾಯಿಯ ಹತ್ತಿರ ತಂದೆ.

“ಒಪ್ಪಿದ್ದಾಳೆ ಡಾಕ್ಟ್ರೇ,” ಎಂದೆ.

ಮೇಷ್ಟ್ರ ಕೈಯಿಂದ ನಟ್ಟು ಜಾರಿ, ಎಂಜಿನ್ನಿನ ಸುತ್ತಲಿನ ತಗಡುಗಳ ನಡುವೆ ಎಲ್ಲೋ ಟಣ್ ಎಂದು ಬಿತ್ತು. ಇಬ್ಬರೂ ಚಾಪೆಯ ಮೇಲೆ ಮೊಣಕಾಲೂರಿ, ಭುಜಕ್ಕೆ ಭುಜ ತಾಗಿಸಿ, ಬಿಸಿಲೇರುವ ತನಕ ಅದನ್ನು ಹುಡುಕಿದೆವು.